ಬಿಸಿಲ ನಾಡಿಗೊಪ್ಪುವ ಆಸ್ಪತ್ರೆ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂದು ಹೆಸರಾದ ನಾಡು ನಮ್ಮದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಮಳೆ ಕಡಿಮೆ; ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ಆದರೂ ತುಂಗಭದ್ರೆಯ ದಡದವರು ನೆರೆಯನ್ನೂ ಬಲ್ಲರು. 2009ರಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ಮಹಾಪೂರವನ್ನು ಯಾರು ಮರೆತಾರು? ಇಂತಹ ನೆಲದಲ್ಲಿ ಆಸ್ಪತ್ರೆ ಕಟ್ಟುವವರು ಮಂಚಗಳನ್ನು ಎಣಿಸುವ ಮೊದಲು ಹವೆಯ ಲೆಕ್ಕ ಹಾಕಬೇಕು.

ಮಂಗಳೂರಿನಲ್ಲಿ ಫಾದರ್ ಮುಲ್ಲರರು 1880ರಲ್ಲಿ ಆರಂಭಿಸಿದ ರೋಗಿಗಳ ಸೇವೆ ನಮಗೆಲ್ಲ ಮೇಲ್ಪಂಕ್ತಿ. ಆ ಸೇವಾಭಾವವನ್ನು ಇಲ್ಲಿಗೆ ತರಬಹುದು. ಕರಾವಳಿಯ ಕಟ್ಟಡದ ನಕ್ಷೆಯನ್ನು ತರಲಾಗದು. ಅಲ್ಲಿ ಮಾಡು ಮಳೆಯನ್ನು ಬೇಗನೆ ಇಳಿಸಬೇಕು. ಇಲ್ಲಿ ಬಿಸಿಲನ್ನು ತಡೆದು ಮಳೆಯನ್ನು ಹಿಡಿದಿಡಬೇಕು.

ಕಾಂಕ್ರೀಟಿನ ಬರಿಯ ತಾರಸಿ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಒಳಗೆ ಸುರಿಯುತ್ತದೆ. ಅದರಡಿಯಲ್ಲಿ ಮಲಗಿದವರು ಬಾಣಂತಿಯರು, ಹಸುಗೂಸುಗಳು, ವೃದ್ಧರು. ಎದ್ದು ಹೊರಗೆ ಹೋಗಲಾರದವರು. ನಮ್ಮ ಹಿರಿಯರ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಗಳಲ್ಲಿ ಇದಕ್ಕೆ ಉತ್ತರವಿದೆ. ಕಟ್ಟಡದ ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕಿರಲಿ. ಗಿಡ್ಡ ಗೋಡೆಗಳು ಮಾತ್ರ ಬೆಳಗು ಸಂಜೆಯ ಬಿಸಿಲನ್ನು ಎದುರಿಸಲಿ. ಉದ್ದಕ್ಕೂ ಜಗಲಿ, ಎದುರುಬದುರು ಕಿಟಕಿ, ತಾರಸಿಗೆ ಸುಣ್ಣದ ಬಿಳುಪು, ಅಂಗಳದಲ್ಲಿ ಬೇವು ಹೊಂಗೆಗಳ ನೆರಳು ಇರಲಿ. ಗಾಳಿಯಾಡುವ ಕೋಣೆಯಲ್ಲಿ ಕ್ಷಯದಂತಹ ರೋಗ ಹರಡುವ ಭಯವೂ ಕಡಿಮೆ.

ಇನ್ನು ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1000 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಸುರಿದು, ಐದರಲ್ಲೊಂದು ಪಾಲು ನಷ್ಟವಾದರೂ 4 ಲಕ್ಷ ಲೀಟರ್ ಉಳಿಯುತ್ತದೆ. ದಿನಕ್ಕೆ ಸುಮಾರು 1100 ಲೀಟರ್. ಇಡೀ ಆಸ್ಪತ್ರೆಗೆ ಇದು ಸಾಲದು. ಆದರೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಕಾಡುವ ಊರುಗಳಲ್ಲಿ, ಶೋಧಿಸಿ ಶುದ್ಧೀಕರಿಸಿದ ಈ ನೀರು ಕುಡಿಯಲು, ಅಡುಗೆಗೆ ದೊಡ್ಡ ಆಸರೆ. ಸ್ನಾನದ ನೀರು ತಿಳಿಗೊಂಡು ಗಿಡಗಳಿಗೆ ಹೋಗಲಿ.

ವಿದ್ಯುತ್ತು ನಿಂತರೆ 2ರಿಂದ 8 ಡಿಗ್ರಿಯಲ್ಲಿಡಬೇಕಾದ ಲಸಿಕೆ ಕೆಡುತ್ತದೆ. ಹೆರಿಗೆಯ ಕೋಣೆ ಕತ್ತಲಾಗುತ್ತದೆ. ನಮ್ಮನ್ನು ಸುಡುವ ಸೂರ್ಯನೇ ಇದಕ್ಕೆ ನೆರವಾಗಬಲ್ಲನು. ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೌರವಿದ್ಯುತ್ತನ್ನು ಅಳವಡಿಸಿರುವುದು ಕಣ್ಣೆದುರಿನ ನಿದರ್ಶನ. ಹೊಳೆಯ ಸಮೀಪದಲ್ಲಿ ಕಟ್ಟುವುದಾದರೆ ಬ್ಯಾಟರಿ, ಔಷಧಿ ಉಗ್ರಾಣಗಳು ನೆರೆಯ ಮಟ್ಟಕ್ಕಿಂತ ಮೇಲಿರಬೇಕು.

ಪ್ರಿಯರೇ, ದಾನಿಗಳ ಹೆಸರು ಮುಂಬಾಗಿಲಿನ ಕಮಾನಿನ ಮೇಲೆ ಚೆನ್ನಾಗಿ ಕಾಣುತ್ತದೆ. ನೆಲದಡಿಯ ತೊಟ್ಟಿಯ ಮೇಲೆ ಕಾಣುವುದಿಲ್ಲ. ಹಣ ಸಾಲದಾದಾಗ ಕಮಾನನ್ನು ಬಿಡೋಣ, ತೊಟ್ಟಿಯನ್ನಲ್ಲ. ಮೇ ತಿಂಗಳ ನಡುರಾತ್ರಿ ಹೆರಿಗೆಗೆ ಬರುವ ಬಡ ತಾಯಿಗೆ ಬೇಕಾದುದು ತಂಪು, ಬೆಳಕು, ಒಂದು ಲೋಟ ಶುದ್ಧ ನೀರು. ಅದನ್ನು ತಪ್ಪದೆ ಒದಗಿಸುವುದೇ ನಿಜವಾದ ಆಸ್ಪತ್ರೆ.