ಸೈಕಲ್ಲಿನ ಬಣ್ಣ ಯಾರದು?

(ಸಂಘದ ಮಾಸಿಕ ಸಭೆಯಲ್ಲಿ ಸೈಕಲ್ ನಿಧಿಯ ವಿಷಯ ಚರ್ಚೆಗೆ ಬಂದಾಗ ಸಂಘಟನಾ ಕಾರ್ಯದರ್ಶಿಗಳು ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೇ, ಮಿಲ್ಲಿನಲ್ಲಿ ದುಡಿದು ದಣಿದ ಹಿರಿಯರೇ, ಮಧ್ಯಾಹ್ನದ ಊಟದ ಪಾಳಿ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ಇಲ್ಲಿಗೆ ಬಂದಿರುವ ಹೋಟೆಲಿನ ಸಹೋದರ ಸಹೋದರಿಯರೇ,

ಬೆಳಗಿನ 4 ಗಂಟೆಗೆ ಒಲೆ ಹೊತ್ತಿಸಬೇಕಾದವರು, ರಾತ್ರಿ 11ಕ್ಕೆ ಕಡೆಯ ಮೇಜು ಒರೆಸಿ ಹೊರಬೀಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆಂಬುದು ನಿಮಗೇ ಗೊತ್ತು. ಆ ಹೊತ್ತಿನಲ್ಲಿ ಬಸ್ಸು ಸಿಗುವುದು ಅಪರೂಪ. ಆಟೋಗೆ ಕೊಟ್ಟರೆ ದಿನದ ಕೂಲಿಯಲ್ಲಿ ಅರ್ಧ ಹೋಯಿತು. ಅಂಥ 15 ಜನಕ್ಕೆ ಮೊದಲ ಸಲ ಸಂಘದಿಂದ ಸೈಕಲ್ಲು ಕೊಡಿಸುವುದು, ಅವರು ತಿಂಗಳಿಗೆ 300 ರೂಪಾಯಿಯಂತೆ ತೀರಿಸುವುದು, ಇಷ್ಟಕ್ಕೆ ಎಲ್ಲರ ಒಪ್ಪಿಗೆಯೂ ಇದೆ. ತಕರಾರು ಎದ್ದಿರುವುದು ಒಂದೇ ವಿಷಯಕ್ಕೆ. ಅದು ಬಣ್ಣ.

ನಮ್ಮ ಕನ್ನಡದ ಹಳದಿ ಕೆಂಪು ಬಳಿಸೋಣ, ಹದಿನೈದೂ ಒಂದೇ ರೀತಿ ಇದ್ದರೆ ಸಂಘದ ಹೆಸರು ಬೀದಿಯಲ್ಲಿ ಓಡಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ಎಲ್ಲವೂ ಕಪ್ಪೇ ಇರಲಿ, ಅಗ್ಗಕ್ಕೆ ಸಿಗುತ್ತದೆ ಎಂದು ಇನ್ನು ಕೆಲವರು. ಹಿರಿಯರೊಬ್ಬರಂತೂ, “ಚಕ್ರ ತಿರುಗಿದರೆ ಸಾಲದೇನಯ್ಯಾ, ಬಣ್ಣ ಯಾವುದಾದರೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?” ಎಂದು ನಕ್ಕರು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉತ್ತರ ಹೇಳಲಿಕ್ಕೇ ನಿಂತಿದ್ದೇನೆ.

ಮೊದಲು ಕಪ್ಪಿನ ವಿಚಾರ. ನಮ್ಮ ಚೆನ್ನೈಗೆ ಸೈಕಲ್ಲು ಹೊರಗಿನ ವಸ್ತುವಲ್ಲ. 1949ರಲ್ಲಿ ಮುರುಗಪ್ಪನವರ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಕಂಪನಿಯ ಜತೆ ಸೇರಿ ಟಿ.ಐ. ಸೈಕಲ್ಸ್ ಸ್ಥಾಪಿಸಿದರು, ಅಂಬತ್ತೂರಿನಲ್ಲಿ ಕಾರ್ಖಾನೆ ಎದ್ದಿತು. ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಇಲ್ಲಿಂದಲೇ ಹೊರಟವು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಶುರುವಾದವು. ಹೆಸರು ಯಾವುದೇ ಇರಲಿ, ಆ ಕಾಲದ ದೊಡ್ಡ ಸೈಕಲ್ಲುಗಳು ಹೆಚ್ಚಾಗಿ ಕಪ್ಪು, ಕೆಲವು ಕಡು ಹಸಿರು.

ಏಕೆ ಕಪ್ಪು? ಕೊಳವೆಗೆ ಎನಾಮೆಲ್ ಬಳಿದು ಒಲೆಯಲ್ಲಿ ಕಾಯಿಸಿ ಗಟ್ಟಿಮಾಡುತ್ತಿದ್ದರು, ಹೆಚ್ಚುಕಡಿಮೆ ನಾವು ಹೊಸ ದೋಸೆಕಾವಲಿಗೆ ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುವ ಹಾಗೆ. ಕಪ್ಪು ಎನಾಮೆಲ್ ಅಗ್ಗ, ಗಟ್ಟಿ, ಚೈನಿನ ಎಣ್ಣೆ ತಗುಲಿದರೂ ಕೊಳೆ ಕಾಣದು. ನಮ್ಮದು ಕಡಲತೀರದ ಊರು. ಇಲ್ಲಿನ ಉಪ್ಪುಗಾಳಿಗೆ ಬರಿಯ ಕಬ್ಬಿಣ ನಾಲ್ಕು ದಿನ ನಿಲ್ಲುವುದಿಲ್ಲ. ಆದ್ದರಿಂದ ಬಣ್ಣವೆಂಬುದು ಮೊದಲು ಸೈಕಲ್ಲಿನ ಚರ್ಮ, ಆಮೇಲೆ ಅದರ ಅಲಂಕಾರ. ಎಲ್ಲಿ ಬಣ್ಣ ಚಕ್ಕೆ ಎದ್ದಿತೋ ಅಲ್ಲೇ ತುಕ್ಕು ಮನೆಮಾಡುತ್ತದೆ. ಸ್ಯಾಂಡ್ ಪೇಪರ್ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೊಂದು ಕೈ ಬಣ್ಣ ಎಳೆದರೆ ಸೈಕಲ್ಲಿನ ಆಯುಸ್ಸು ಬೆಳೆಯುತ್ತದೆ. ಬಣ್ಣ ಯಾವುದಾದರೇನು ಎಂಬ ಹಿರಿಯರೂ ಬಣ್ಣ ಇರಲೇಬೇಕೆಂಬುದನ್ನು ಒಪ್ಪುತ್ತಾರೆ.

ಆ ಕಪ್ಪು ಸೈಕಲ್ಲಿನ ಮೇಲೆ ತೆಳ್ಳಗೆ ಚಿನ್ನದ ಗೆರೆ ಇರುತ್ತಿತ್ತಲ್ಲ, ಅದನ್ನು ಸಣ್ಣ ಕುಂಚ ಹಿಡಿದು ಕೈಯಿಂದಲೇ ಎಳೆಯುತ್ತಿದ್ದರು. ಕೊಂಡವನಿಗೆ ಆ ಕೈ ಯಾರದೆಂದು ತಿಳಿಯದು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿ ನೂರಾರು ಕಾರ್ಮಿಕರು ಬೀದಿಗೆ ಬಂದರು. ಸೈಕಲ್ಲಿನ ಮಾತು ಎತ್ತಿದಾಗ ಆ ಕೈಗಳನ್ನು ಮರೆಯಬಾರದೆಂದು ಇಷ್ಟು ಹೇಳಿದೆ.

ಇನ್ನು ಸವಾರನ ಮಾತಿಗೆ ಬರೋಣ. ಪಾಳಿ ಬಿಟ್ಟಾಗ ಮಿಲ್ಲಿನ ಸೈಕಲ್ ಶೆಡ್ಡಿನಲ್ಲಿ ಕಪ್ಪು ಸೈಕಲ್ಲುಗಳು ಸಾಲುಗಟ್ಟಿ ನಿಂತಿರುತ್ತಿದ್ದವಂತೆ. ಅದರಲ್ಲಿ ನಿಮ್ಮದನ್ನು ಹೇಗೆ ಗುರುತಿಸುತ್ತಿದ್ದಿರಿ ಎಂದು ನಮ್ಮ ಹಿರಿಯರನ್ನು ಕೇಳಿದೆ. ಒಬ್ಬರು ಸೀಟಿಗೆ ಹೆಂಡತಿ ಹೊಲಿದ ಹಸಿರು ಬಟ್ಟೆಯ ಕವಚ ಹಾಕಿದ್ದರು. ಒಬ್ಬರು ಚಕ್ರದ ನಡುವೆ ಬಣ್ಣದ ನೂಲಿನ ಕುಚ್ಚು ಕಟ್ಟಿದ್ದರು. ಇನ್ನೊಬ್ಬರು ಮಡ್‌ಗಾರ್ಡಿನ ಮೇಲೆ ಮಗಳ ಹೆಸರನ್ನು ಕನ್ನಡದಲ್ಲಿ ಬರೆಸಿದ್ದರು. ನೋಡಿ, ಕಂಪನಿ ಕೊಟ್ಟದ್ದು ಒಂದೇ ಕಪ್ಪು. ಅದರ ಮೇಲೆ ಪ್ರತಿಯೊಬ್ಬನೂ ಒಂದು ಬೆರಳಗಲ ತನ್ನ ಬಣ್ಣ ಹಚ್ಚಿಕೊಂಡ. ಯಾರೂ ಇದನ್ನು ಅವರಿಗೆ ಹೇಳಿಕೊಡಲಿಲ್ಲ. ಆಯುಧಪೂಜೆಯ ದಿನ ಅದೇ ಸೈಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಚೆಂಡುಹೂವು ಕಟ್ಟುವವರು ನಾವು. ಬರಿಯ ಚಕ್ರ ತಿರುಗಿದರೆ ಸಾಕೆನ್ನುವವರು ಹಾಗೆ ಮಾಡುತ್ತಾರೆಯೇ?

ನನ್ನ ತಂಗಿಯ ಮಾತು ಹೇಳುತ್ತೇನೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ತಂದಿತು. ತಮಿಳುನಾಡಿನಲ್ಲಿ 2001-02ರಲ್ಲಿಯೇ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆ ಕೊಡಲು ಆರಂಭಿಸಿದ್ದರು. ನಾನು ಏಳನೆಯ ತರಗತಿಗೇ ಪುಸ್ತಕ ಮಡಿಚಿಟ್ಟು ಹೋಟೆಲಿಗೆ ಬಂದವನು. ಕುಂದಾಪುರದ ಕಡೆಯ ನಮ್ಮ ಹಳ್ಳಿಯಿಂದ ನನ್ನ ತಂಗಿ ಆ ಸೈಕಲ್ಲು ತುಳಿದು ಎಸ್.ಎಸ್.ಎಲ್.ಸಿ. ಮುಗಿಸಿದಳು. ಆ ಉಪಕಾರವನ್ನು ನಾವು ಮರೆಯುವುದಿಲ್ಲ. ಆದರೂ ಸೈಕಲ್ಲು ಬಂದ ಮೊದಲ ದಿನ ಅವಳು ಮಾಡಿದ ಕೆಲಸ ಏನು ಗೊತ್ತೇ? ಜಡೆಯ ಕೆಂಪು ಟೇಪನ್ನು ಬಿಚ್ಚಿ ಹ್ಯಾಂಡಲಿಗೆ ಸುತ್ತಿದಳು. ಶಾಲೆಯ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳು. ದಾರಿಯಲ್ಲಿ ಕಂಡವರೆಲ್ಲ “ಸರ್ಕಾರದ ಸೈಕಲ್ಲು” ಎನ್ನುತ್ತಿದ್ದರು. ಕೆಂಪು ಟೇಪು ಸುತ್ತಿದ ಮೇಲೆ ಅದು ಅವಳ ಸೈಕಲ್ಲಾಯಿತು.

ಕೊಡುವವರಿಗೂ ಬಣ್ಣದ ಬೆಲೆ ಚೆನ್ನಾಗಿ ಗೊತ್ತು. ರಾಜಸ್ಥಾನದಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಕೊಡುವ ಸೈಕಲ್ಲು ಒಂದು ಪಕ್ಷದ ಆಡಳಿತದಲ್ಲಿ ಕೇಸರಿಯಾಗಿತ್ತು. 2018ರ ಕೊನೆಯಲ್ಲಿ ಸರ್ಕಾರ ಬದಲಾದ ಮೇಲೆ ಕಪ್ಪಾಯಿತು. 2023ರ ಕೊನೆಯಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಮತ್ತೆ ಕೇಸರಿಯಾಯಿತು. ತುಳಿಯುವ ಹುಡುಗಿಗೆ ಯಾವ ಬಣ್ಣ ಇಷ್ಟವೆಂದು ಕೇಳಿದವರುಂಟೇ? ಬಣ್ಣಕ್ಕೆ ಬೆಲೆಯೇ ಇಲ್ಲವಾಗಿದ್ದರೆ ದೊಡ್ಡವರು ಅದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರೇ?

ನಮ್ಮ ಕಸುಬಿನಲ್ಲೂ ಇದನ್ನು ಕಂಡಿದ್ದೇನೆ. ನಾನು ದುಡಿದ ಒಂದು ಹೋಟೆಲಿನಲ್ಲಿ (ಹೆಸರು ಬೇಡ) ಪಾರ್ಸೆಲ್ ಒಯ್ಯಲು ಸೈಕಲ್ಲು ಕೊಟ್ಟಿದ್ದರು. ಮೈಯೆಲ್ಲ ಹಳದಿ, ನಡುವಿನ ತ್ರಿಕೋನದಲ್ಲಿ ಹೋಟೆಲಿನ ಹೆಸರಿನ ತಗಡು. ಅದರಲ್ಲೇ ಮನೆಗೂ ಹೋಗಿರಿ ಎಂದಿದ್ದರು. ಒಳ್ಳೆಯದೇ ಅಲ್ಲವೇ ಎಂದುಕೊಂಡೆವು. ಆದರೆ ರಜೆಯ ದಿನ ಬೀಚಿಗೆ ಹೋದರೂ, ಆಸ್ಪತ್ರೆಗೆ ಹೋದರೂ, “ಏ ಪಾರ್ಸೆಲ್, ಇಲ್ಲಿ ಬಾ” ಎಂದು ಕರೆಯುವವರು ಕರೆಯುತ್ತಲೇ ಇದ್ದರು. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರೆಂಬ ಸುದ್ದಿ ಮರುದಿನ ಗಲ್ಲಾದ ಹತ್ತಿರ ಬಂದಿರುತ್ತಿತ್ತು. ಯೂನಿಫಾರಂ ಬಿಚ್ಚಿ ಮೊಳೆಗೆ ನೇತುಹಾಕಿ ಬಂದರೂ ಅದರ ಬಣ್ಣ ನಮ್ಮ ಕಾಲಡಿಯಲ್ಲಿ ಉರುಳುತ್ತ ಬರುತ್ತಿತ್ತು. ಹದಿನಾಲ್ಕು ಗಂಟೆ ಇನ್ನೊಬ್ಬರ ಬಣ್ಣದಲ್ಲಿ ದುಡಿದವನಿಗೆ ಉಳಿದ ಹೊತ್ತಾದರೂ ತನ್ನ ಬಣ್ಣ ಬೇಡವೇ?

ಪುದುಕ್ಕೋಟ್ಟೈಯ ಹೆಂಗಸರು ಬಣ್ಣ ಕೇಳಿದರೇ ಎಂದು ನೀವು ನನ್ನನ್ನು ಕೇಳಬಹುದು. ಕೇಳಲಿಲ್ಲ. 1991-92ರಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ ಸಾವಿರಾರು ಹೆಂಗಸರು ಸೈಕಲ್ಲು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ನೋಡಿ ಬರೆದಿದ್ದಾರೆ. ಹೆಂಗಸರ ಸೈಕಲ್ಲು ಸಾಲದೆ ಬಂದಾಗ ಅವರು ಗಂಡಸರ ಬಾರ್ ಸೈಕಲ್ಲನ್ನೇ ಹತ್ತಿದರು. ಬಾರಿನ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿದರು. ಆ ದೃಷ್ಟಿಯಿಂದ ಹಿರಿಯರ ಮಾತು ಸರಿ: ಸೈಕಲ್ಲೇ ಇಲ್ಲದವನಿಗೆ ಮೊದಲು ಸೈಕಲ್ಲು, ಆಮೇಲೆ ಬಣ್ಣ. ಆದರೆ ಆ ಹೆಂಗಸರು ಕೂಡ ತಮಗೆ ಯಾವುದು ಒಗ್ಗುತ್ತದೆಂದು ತಾವೇ ನಿಶ್ಚಯಿಸಿದರು. ನಾನು ಕೇಳುತ್ತಿರುವುದೂ ಅಷ್ಟೇ.

ಈಗ ನಮ್ಮ ಹಳದಿ ಕೆಂಪಿನ ಮಾತು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಆ ಬಾವುಟ ನನಗೂ ಪ್ರಿಯ. ರಾಜ್ಯೋತ್ಸವದ ದಿನ ಅದನ್ನು ಏರಿಸುವಾಗ ಹಗ್ಗ ಹಿಡಿಯುವವರಲ್ಲಿ ನಾನೂ ಒಬ್ಬ. ಆದರೆ 2016ರ ಸೆಪ್ಟೆಂಬರ್ 12ನ್ನು ನೆನೆಯಿರಿ. ಕಾವೇರಿಯ ಜಗಳ ಹೊತ್ತಿಕೊಂಡಾಗ ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರಿನ ಗಾಡಿಗಳನ್ನು ಸುಟ್ಟರು, ಒಂದು ಡಿಪೋದಲ್ಲಿಯೇ ಹತ್ತಾರು ಬಸ್ಸುಗಳು ಬೂದಿಯಾದವು. ಅದೇ ದಿನ ಇಲ್ಲಿ, ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಆ ಬಸ್ಸಿನ ಚಾಲಕ ಕಾವೇರಿಯ ನೀರನ್ನು ಹಿಡಿದಿಟ್ಟವನೇ? ಇಲ್ಲಿನ ಸರ್ವರ್ ಅಣೆಕಟ್ಟಿನ ಬಾಗಿಲು ಮುಚ್ಚಿದವನೇ? ಕೋಪ ಬಂದ ಗುಂಪು ಮನುಷ್ಯನನ್ನು ನೋಡುವುದಿಲ್ಲ. ನಂಬರ್ ಪ್ಲೇಟು ನೋಡುತ್ತದೆ, ಬೋರ್ಡು ನೋಡುತ್ತದೆ, ಬಣ್ಣ ನೋಡುತ್ತದೆ. ನಮ್ಮ ನೆರೆಯ ತಮಿಳು ಜನ ವರ್ಷವೆಲ್ಲ ನಮ್ಮೊಡನೆ ಅಣ್ಣತಮ್ಮಂದಿರಂತೆ ಇದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೂ ವರ್ಷದಲ್ಲಿ ಒಂದು ಕೆಟ್ಟ ರಾತ್ರಿ ಬಂದರೆ, ಒಂಟಿಯಾಗಿ ಮನೆಗೆ ಹೋಗುವ ಹತ್ತೊಂಬತ್ತು ವರ್ಷದ ಹುಡುಗನ ಕಾಲಡಿಗೆ ನಾವೇ ಗುರುತು ಬಳಿದು ಕಳಿಸಿದಂತಾಗಬಾರದು. ತಾನಾಗಿ ಹಳದಿ ಕೆಂಪು ಬಳಿಸಿಕೊಳ್ಳುವವನು ಬಳಿಸಿಕೊಳ್ಳಲಿ, ಅದು ಅವನ ಅಭಿಮಾನ, ಅವನ ಧೈರ್ಯ. ಸಾಲದ ಜತೆಗೆ ಕಡ್ಡಾಯ ಮಾಡುವ ಅಧಿಕಾರ ನಮಗಿಲ್ಲ. ಮಾಲೀಕ ತನ್ನ ಹೆಸರು ಬರೆಸಿದರೆ ತಪ್ಪು, ಸಂಘ ಬರೆಸಿದರೆ ಸರಿ ಎಂದು ನಾವು ಹೇಳುವುದು ಹೇಗೆ?

ಸಂಘ ಒತ್ತಾಯ ಮಾಡಲೇಬೇಕಾದ ಬಣ್ಣ ಬೇರೆ ಇದೆ. ಕತ್ತಲಲ್ಲಿ ಕೆಂಪು, ನೀಲಿ, ಹಸಿರು ಎಲ್ಲವೂ ಕಪ್ಪೇ. ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವುದು ಬೆಳಕನ್ನು ತಿರುಗಿ ಎಸೆಯುವ ವಸ್ತು ಮಾತ್ರ. ಹಳೆಯ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಳಿದಿರುತ್ತಿದ್ದುದು ಅಂದಕ್ಕಲ್ಲ. ಹಿಂದೆ ಆ ಬಿಳಿ ಮತ್ತು ಕೆಂಪು ರಿಫ್ಲೆಕ್ಟರು, ಪೆಡಲಿನ ಎರಡು ಬದಿಗೆ ಹಳದಿ ರಿಫ್ಲೆಕ್ಟರು, ಮುಂದೆ ಒಂದು ದೀಪ ಇರಬೇಕು. ಪೆಡಲಿನದು ಮೇಲೆ ಕೆಳಗೆ ಆಡುವುದರಿಂದ ಅದು ಸೈಕಲ್ಲೆಂದು ದೂರದಿಂದಲೇ ತಿಳಿಯುತ್ತದೆ. ಇದಕ್ಕೆ ಇಷ್ಟಾನಿಷ್ಟದ ಮಾತಿಲ್ಲ. ಖರ್ಚು ಸಂಘದ್ದಾಗಲಿ.

ಕಳವಿನ ಮಾತೂ ಒಂದಿದೆ. 1948ರ ಇಟಲಿಯ “ಬೈಸಿಕಲ್ ಥೀವ್ಸ್” ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗೋಡೆಗೆ ಪೋಸ್ಟರ್ ಅಂಟಿಸುವವನ ಸೈಕಲ್ಲು ಕೆಲಸದ ಮೊದಲ ದಿನವೇ ಕಳವಾಗುತ್ತದೆ; ಸೈಕಲ್ಲಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಸಂತೆಯಲ್ಲಿ ಹುಡುಕುವಾಗ ಒಬ್ಬ ಫ್ರೇಮಿಗೆ ಬಣ್ಣ ಬಳಿಯುತ್ತಿರುತ್ತಾನೆ. ಅನುಮಾನ ಬಂದು ಪೊಲೀಸನನ್ನು ಕರೆದಾಗ ಅವರು ನೋಡುವುದು ಫ್ರೇಮಿನ ನಂಬರನ್ನು. ಬಣ್ಣವನ್ನು ಕಳ್ಳ ಒಂದು ಗಂಟೆಯಲ್ಲಿ ಬದಲಿಸುತ್ತಾನೆ, ಕಬ್ಬಿಣದಲ್ಲಿ ಒತ್ತಿದ ನಂಬರನ್ನು ಅಷ್ಟು ಸುಲಭವಾಗಿ ಬದಲಿಸಲಾರ. ಸೀಟಿನ ಕೆಳಗಿನ ಕೊಳವೆಯ ಮೇಲೋ ಪೆಡಲಿನ ಅಚ್ಚಿನ ಅಡಿಯಲ್ಲೋ ಅದು ಇರುತ್ತದೆ. ಬರೆದಿಟ್ಟುಕೊಳ್ಳಿ.

ಆದ್ದರಿಂದ ನನ್ನ ಸೂಚನೆ ಇಷ್ಟು. ಅಂಗಡಿಯಲ್ಲಿರುವ ಬಣ್ಣಗಳಲ್ಲಿ ಸವಾರನೇ ಆರಿಸಲಿ. ಕಪ್ಪಿಗಿಂತ ಬೆಲೆ ಹೆಚ್ಚಾದರೆ ಆ ವ್ಯತ್ಯಾಸ ಅವನ ಕಂತಿಗೆ ಸೇರಲಿ. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ನಮ್ಮ ಸಹೋದರಿಯರಿಗೆ ಬಾರ್ ಇರುವುದು ಬೇಕೋ ಇಲ್ಲದ್ದು ಬೇಕೋ ಎಂದು ಅವರನ್ನೇ ಕೇಳೋಣ. ಸಂಘದ ಹೆಸರನ್ನು ಸೈಕಲ್ಲಿನ ಮೇಲೆ ಬರೆಸುವುದು ಬೇಡ. ಬಿಳಿ, ರಿಫ್ಲೆಕ್ಟರು, ದೀಪ ಸಂಘದಿಂದ ಬರಲಿ, ಫ್ರೇಮಿನ ನಂಬರು ಸಂಘದ ಪುಸ್ತಕದಲ್ಲಿ ಇರಲಿ.

ನಗುತ್ತ ಕೇಳಿದ ಹಿರಿಯರಿಗೆ ಇನ್ನೊಂದೇ ಮಾತು. ಜುಟ್ಟಿನ ಮಲ್ಲಿಗೆಯ ಗಾದೆ ಸಾಲ ಮಾಡಿ ಮೆರೆಯುವವನಿಗೆ ಸರಿ. ತಿಂಗಳಿಗೆ 300 ರೂಪಾಯಿ ಬೆವರಿನಿಂದ ಕಟ್ಟುವವನು ನನಗೆ ನೀಲಿ ಇರಲಿ ಎಂದರೆ, ಅವನು ಮೆರೆಯುತ್ತಿಲ್ಲ, ಇದು ನನ್ನದು ಎನ್ನುತ್ತಿದ್ದಾನೆ. ಆ ಮಾತು ಅವನ ಬಾಯಿಂದ ಬಂದರೆ ನಾಳೆ ಕೂಲಿಯ ವಿಷಯ, ರಜೆಯ ವಿಷಯ ಕೇಳಲು ಕೂಡ ಬಾಯಿ ಬರುತ್ತದೆ. ಸೂಚನೆಯನ್ನು ಅಧ್ಯಕ್ಷರು ದಯವಿಟ್ಟು ಮತಕ್ಕೆ ಹಾಕಬೇಕೆಂದು ಪ್ರಾರ್ಥಿಸಿ, ನಾಲ್ಕು ಮಾತು ಹೆಚ್ಚಾಗಿದ್ದರೆ ಕ್ಷಮೆ ಕೋರಿ, ಕುಳಿತುಕೊಳ್ಳುತ್ತೇನೆ.