ಮಗುವಿನ ಬೆಳವಣಿಗೆ ಮತ್ತು ಕಲಿಕೆಯ ಭಾಷೆ

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೂನ್ ತಿಂಗಳು ಹತ್ತಿರ ಬಂದಂತೆ ಗಡಿನಾಡಿನ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ಕನ್ನಡ ಶಾಲೆಯಲ್ಲೇ ಮುಂದುವರಿಸಬೇಕೇ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೇ? ಇದಕ್ಕೆ ನಾವು ಸಾಮಾನ್ಯವಾಗಿ ಭಾಷಾಭಿಮಾನದಿಂದ ಉತ್ತರ ಕೊಡುತ್ತೇವೆ. ಅಭಿಮಾನ ಇರಲಿ. ಆದರೆ ಇಂದು ಈ ಪ್ರಶ್ನೆಯನ್ನು ಮಗುವಿನ ಕಡೆಯಿಂದ ನೋಡೋಣ. ಆರರಿಂದ ಹನ್ನೆರಡನೆಯ ವಯಸ್ಸಿನವರೆಗೆ ಮಗುವಿನ ದೇಹ, ಬುದ್ಧಿ ಮತ್ತು ಒಡನಾಟ ಹೇಗೆ ಬೆಳೆಯುತ್ತವೆ ಎಂಬುದು ತಿಳಿದರೆ ಉತ್ತರ ಸುಲಭವಾಗುತ್ತದೆ.

ಮೊದಲು ದೇಹದ ವಿಚಾರ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ, 2ರಿಂದ 3 ಕಿಲೋ ತೂಕ ಹೆಚ್ಚಿಸಿಕೊಳ್ಳುತ್ತದೆ. ಜೂನ್‌ನಲ್ಲಿ ಗೋಡೆಯ ಮೇಲೆ ಗುರುತು ಹಾಕಿ, ಮುಂದಿನ ಜೂನ್‌ನಲ್ಲಿ ನೋಡಿರಿ. ಏನೂ ಬೆಳೆದಿಲ್ಲವೆಂದಾದರೆ ವೈದ್ಯರಿಗೆ ತೋರಿಸಬೇಕು. ಆರನೆಯ ವಯಸ್ಸಿನ ಹೊತ್ತಿಗೆ ಬಾಯಿಯ ಹಿಂಭಾಗದಲ್ಲಿ ಹೊಸ ದವಡೆ ಹಲ್ಲು ಮೂಡುತ್ತದೆ. ಯಾವ ಹಾಲುಹಲ್ಲೂ ಬೀಳದೆ ಬರುವುದರಿಂದ ಇದೂ ಹಾಲುಹಲ್ಲೇ ಎಂದು ಹೆಚ್ಚಿನವರು ಅಲಕ್ಷ್ಯ ಮಾಡುತ್ತಾರೆ. ಅದು ಶಾಶ್ವತ ಹಲ್ಲು; ಹೋದರೆ ಮತ್ತೆ ಬಾರದು.

ಈ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಕನಿಷ್ಠ ಒಂದು ಗಂಟೆ ಓಡಾಡುವ ಆಟ ಬೇಕು. ರಕ್ತಹೀನತೆಯಿರುವ ಮಗು ತರಗತಿಯಲ್ಲಿ ತೂಕಡಿಸುತ್ತದೆ. ನಾವು ಅದನ್ನು ಸೋಮಾರಿ ಎನ್ನುತ್ತೇವೆ. 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ, 10 ದಾಟಿದವರಿಗೆ ನೀಲಿ ಮಾತ್ರೆ ಕೊಡುವ ಸರಕಾರಿ ಯೋಜನೆಯಿದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಅಂದು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಇವು ನಿಮ್ಮ ಮಗುವಿಗೆ ಸಿಕ್ಕಿವೆಯೇ ಎಂದು ಶಾಲೆಯಲ್ಲಿ ಕೇಳಿರಿ. ಕಣ್ಣು, ಕಿವಿಗಳನ್ನೂ ಪರೀಕ್ಷೆ ಮಾಡಿಸಿರಿ. ಕರಿಹಲಗೆ ಕಾಣದ, ಪಾಠ ಸರಿಯಾಗಿ ಕೇಳಿಸದ ಮಗುವಿಗೆ ಯಾವ ಮಾಧ್ಯಮವಾದರೂ ಒಂದೇ.

ಇನ್ನು ಬುದ್ಧಿಯ ವಿಚಾರ. ಇದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಮಜ್ಜಿಗೆ ಹಾಕಿ. ಮಗುವಿನ ಎದುರಿಗೇ ಒಂದರ ಮಜ್ಜಿಗೆಯನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದರೆ ಐದು ವರ್ಷದ ಮಗು ಉದ್ದ ಲೋಟವನ್ನೇ ತೋರಿಸುವುದು ಸಾಮಾನ್ಯ. ಎಂಟು ವರ್ಷದ ಮಗು "ಎರಡೂ ಒಂದೇ, ನೀವು ಬರೇ ಸುರಿದದ್ದು" ಎಂದು ನಗುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇಂಥ ಪರೀಕ್ಷೆಗಳಿಂದಲೇ ಈ ವಯಸ್ಸಿನ ಬುದ್ಧಿಯ ಬದಲಾವಣೆಯನ್ನು ವಿವರಿಸಿದರು. ಸುಮಾರು ಏಳನೆಯ ವಯಸ್ಸಿನಿಂದ ಮಗು ಕಾರಣ ಹೇಳಲು, ವರ್ಗೀಕರಿಸಲು, ಮುಂದಿನ ನಡೆಯನ್ನು ಲೆಕ್ಕ ಹಾಕಲು ಕಲಿಯುತ್ತದೆ. ನಮ್ಮ ಚೆನ್ನೆಮಣೆಯ 14 ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಳು ಹಾಕಿ ಆಡುವ ಮಗು ಮಾಡುವುದೂ ಇದನ್ನೇ.

ಆದರೆ ಕಾರಣ ಹೇಳಲು ಮಾತು ಬೇಕು. "ಏಕೆಂದರೆ", "ಹಾಗಾದರೆ", "ಇಲ್ಲದಿದ್ದರೆ" ಎಂಬ ಮಾತುಗಳು ಗಟ್ಟಿಯಾಗಿರುವ ಭಾಷೆಯಲ್ಲಿ ಯೋಚನೆಯೂ ಗಟ್ಟಿಯಾಗುತ್ತದೆ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಒಂದು ಮುಖ್ಯ ವಿಷಯ ತೋರಿಸಿಕೊಟ್ಟಿದ್ದಾರೆ. ಹೊಸ ಭಾಷೆಯಲ್ಲಿ ಮಾತುಕತೆಯಾಡಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ಅದೇ ಭಾಷೆಯಲ್ಲಿ ಓದಿ, ವಿಚಾರ ಮಾಡಿ, ಬರೆಯಲು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ "ನಮ್ಮ ಹುಡುಗ ನೆರೆಮನೆಯವರೊಡನೆ ಚೆನ್ನಾಗಿ ಮಲಯಾಳ ಮಾತಾಡುತ್ತಾನೆ" ಎಂಬ ಧೈರ್ಯದಿಂದ ಮಾಧ್ಯಮ ಬದಲಾಯಿಸಬೇಡಿ. ಬೀದಿಯ ಮಾತು ಬೇರೆ, ವಿಜ್ಞಾನ ಪಾಠದ ಮಾತು ಬೇರೆ.

ನಿಮ್ಮಲ್ಲಿ ಕೆಲವರು ಕೇಳಬಹುದು: ನಮ್ಮ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ನಮಗೆ ಕನ್ನಡವೂ ಶಾಲೆಯ ಭಾಷೆಯೇ ಅಲ್ಲವೇ? ಪ್ರಶ್ನೆ ಸರಿಯಾದುದು. ಆದರೆ ಈ ಮನೆಗಳ ಎಷ್ಟೋ ಮಕ್ಕಳು ಯಕ್ಷಗಾನದ ರಂಗಸ್ಥಳದಲ್ಲಿ, ಪತ್ರಿಕೆಯಲ್ಲಿ, ಮದುವೆಯ ಕಾಗದದಲ್ಲಿ ಕನ್ನಡವನ್ನು ಕೇಳಿ, ಕಂಡು ಬೆಳೆದವರು. ಅವರಿಗೆ ಕನ್ನಡ ಹತ್ತಿರದ ಭಾಷೆ. ಮನೆಮಾತನ್ನು ಮನೆಯಲ್ಲಿ ಧಾರಾಳವಾಗಿ ಆಡಿರಿ. ಅದರಲ್ಲಿ ಕೇಳಿದ ಕತೆ ಕನ್ನಡದ ಓದಿಗೂ ಬಲ ಕೊಡುತ್ತದೆ.

ರಾಜ್ಯಭಾಷೆಯೂ ಬೇಕು, ಇಂಗ್ಲಿಷೂ ಬೇಕು. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಂತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಲಿಸಲು ಕಾಯಿದೆ ಮಾಡಿವೆ. ಇರುವ ರಾಜ್ಯದ ಭಾಷೆ ಬಾರದಿದ್ದರೆ ನಾಳೆ ಕಚೇರಿಯಲ್ಲಿ, ಉದ್ಯೋಗದಲ್ಲಿ ಕಷ್ಟಪಡುವವರು ನಮ್ಮ ಮಕ್ಕಳೇ. ಒಂದು ಭಾಷೆಯ ಬುಡ ಭದ್ರವಾದ ಮೇಲೆ ಇನ್ನೊಂದನ್ನು ಕಲಿಯುವುದು ಮಗುವಿಗೆ ಹೊರೆಯಲ್ಲ. ಕನ್ನಡದ ಜೊತೆಗೆ ಕಲಿಸುವುದಕ್ಕೂ ಕನ್ನಡವನ್ನು ತೆಗೆದು ಕಲಿಸುವುದಕ್ಕೂ ವ್ಯತ್ಯಾಸವಿದೆ.

ಮೂರನೆಯದು ಒಡನಾಟ. ಎಂಟು, ಒಂಬತ್ತನೆಯ ವಯಸ್ಸಿನಿಂದ ಮಗು ತನ್ನನ್ನು ಇತರರೊಡನೆ ಹೋಲಿಸಿ ನೋಡಲಾರಂಭಿಸುತ್ತದೆ. ಗೆಳೆಯರು ನಕ್ಕರೆ ಅದಕ್ಕೆ ಸಂಕಟ. ಬಸ್ಸಿನಲ್ಲಿ ತಾಯಿಯೊಡನೆ ಮನೆಮಾತಿನಲ್ಲಿ ಮಾತಾಡಲು ನಾಚುವ ಮಕ್ಕಳನ್ನು ನೀವೂ ಕಂಡಿರಬಹುದು. ಆ ನಾಚಿಕೆಯನ್ನು ಬೈದು ಬಿಡಿಸಲಾಗದು. ನೀವು ಎಲ್ಲರೆದುರು ತಗ್ಗದೆ ನಿಮ್ಮ ಮಾತಾಡಿದರೆ ಮಗು ತಾನಾಗಿ ಕಲಿಯುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗ ಕಾಸರಗೋಡಿನ ಹೆತ್ತವರು ಪ್ರತಿಭಟಿಸಿದ್ದಾರೆ. ಇದು ಕೇವಲ ಭಾಷೆಯ ಜಗಳವಲ್ಲ. ಪ್ರಶ್ನೆ ಕೇಳುವ ವಯಸ್ಸಿನಲ್ಲಿ ಕೇಳಿದ ಪ್ರಶ್ನೆ ಅಧ್ಯಾಪಕರಿಗೆ ತಿಳಿಯದಿದ್ದರೆ ಮಗು ಸುಮ್ಮನಾಗುತ್ತದೆ. ಸುಮ್ಮನಿರುವುದೇ ಅಭ್ಯಾಸವಾದ ಮಗುವನ್ನು ಮತ್ತೆ ಮಾತಾಡಿಸುವುದು ಕಷ್ಟ. ಆ ಅಧ್ಯಾಪಕರನ್ನು ದೂರಬೇಡಿ, ನೇಮಕಾತಿಯನ್ನು ಪ್ರಶ್ನಿಸಿರಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು 1956ರ ಏಳನೆಯ ತಿದ್ದುಪಡಿಯಿಂದ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಯ ಅಥವಾ ಪರಿಸರದ ಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ.

ಕೊನೆಯದಾಗಿ, ನಾಳೆಯಿಂದಲೇ ಮಾಡಬಹುದಾದ ಕೆಲಸಗಳು. ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿರಿ. ನಿಮಗೆ ಅಕ್ಷರ ಬಾರದಿದ್ದರೂ ಕುಳಿತು ಕೇಳಿರಿ. "ಇವತ್ತು ಎಷ್ಟು ಮಾರ್ಕು?" ಎಂಬುದಕ್ಕೆ ಬದಲಾಗಿ "ಇವತ್ತು ಏನು ಕೇಳಿದೆ?" ಎಂದು ವಿಚಾರಿಸಿರಿ. ಸಂಜೆ ಆಡಲು ಬಿಡಿ. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿ. ರಕ್ಷಕ-ಶಿಕ್ಷಕ ಸಂಘದ ಸಭೆಗೆ ತಪ್ಪದೆ ಬನ್ನಿ. ಅಧ್ಯಾಪಕರ ಹುದ್ದೆ ಖಾಲಿಯಿದ್ದರೆ ಬಾಯಿಮಾತಿನಲ್ಲಿ ಹೇಳಿ ಬಿಡದೆ, ನಿರ್ಣಯ ಬರೆದು, ಸಹಿ ಹಾಕಿ, ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ ಅದರ ಪ್ರತಿಯನ್ನು ಜೋಪಾನವಾಗಿಡಿ.

ಕನ್ನಡ ಶಾಲೆ ಉಳಿಯಲಿ ಎಂದಷ್ಟೇ ನಿಮ್ಮ ಮಗುವನ್ನು ಇಲ್ಲಿಗೆ ಕಳುಹಿಸಿರೆಂದು ನಾನು ಕೇಳುವುದಿಲ್ಲ. ಮಗು ಚೆನ್ನಾಗಿ ಬೆಳೆಯಲಿ ಎಂದು ಕಳುಹಿಸಿರಿ. ಮಕ್ಕಳು ಚೆನ್ನಾಗಿ ಕಲಿತರೆ ಶಾಲೆಯೂ ಉಳಿಯುತ್ತದೆ.