ಮೃದುಮಾರ್ಗವೂ ನೀಲಿಯಂಗಿಯೂ

ಜೂಡೋ ಎಂದರೆ ಮೃದುಮಾರ್ಗ. 1882ರಲ್ಲಿ ಜಿಗೊರೊ ಕಾನೊ ಟೋಕಿಯೋದಲ್ಲಿ ತೊಡಗಿಸಿದ ಈ ವಿದ್ಯೆಯನ್ನು ಯುರೋಪಿನಲ್ಲಿ ಒಂದು ಕಟ್ಟಿಗೆ ತಂದುದು 1948ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯುರೋಪಿಯನ್ ಜೂಡೋ ಒಕ್ಕೂಟ. 1951ರಿಂದ ಅದು ಖಂಡಮಟ್ಟದ ಸ್ಪರ್ಧೆ ನಡೆಸತೊಡಗಿತು. ಹೆಂಗಸರಿಗೆ ಅಂಗಳ ತೆರೆದುದು 1975ರಲ್ಲಿ. ತಡವೇ ಸರಿ, ಆದರೂ ವಿಶ್ವಸ್ಪರ್ಧೆಗಿಂತ ಐದು ವರ್ಷ ಮೊದಲು.

ನನ್ನ ಮನಸ್ಸನ್ನು ಹಿಡಿದುದು ಬಟ್ಟೆಯ ಜಗಳ. ಇಬ್ಬರೂ ಬಿಳಿಯುಟ್ಟು ತೆಕ್ಕೆಬಿದ್ದರೆ ಕೆಡಹಿದವನಾರು, ಕೆಡೆದವನಾರು? ಒಬ್ಬನಿಗೆ ನೀಲಿ ತೊಡಿಸೋಣವೆಂದವನು ಹಾಲೆಂಡಿನ ಆಂಟನ್ ಗೀಸಿಂಕ್. 1964ರ ಒಲಿಂಪಿಕ್ಸ್‌ನಲ್ಲಿ, ಟೋಕಿಯೋದಲ್ಲೇ, ಜಪಾನಿನ ಕಾಮಿನಾಗನನ್ನು ಸೋಲಿಸಿ, ಹಿಗ್ಗಿ ನುಗ್ಗಿಬಂದ ತನ್ನವರನ್ನು ಕೈಯೆತ್ತಿ ತಡೆದವನು ಈತನೇ. ಬಿಳುಪು ಶುದ್ಧಿಯ ಗುರುತೆಂದು ಜಪಾನೀಯರು ವಿರೋಧಿಸಿದರು. ಯುರೋಪು ಮೊದಲೇ ಬಳಸಿದ್ದ ನೀಲಿಯನ್ನು ಅಂತರರಾಷ್ಟ್ರೀಯ ಒಕ್ಕೂಟ 1997ರಲ್ಲಿ ಒಪ್ಪಿತು.

ನಾನು ಬಿಳಿಯ ಪಕ್ಷದವನು. ಆದರೆ ಆ ಎತ್ತಿದ ಕೈ ನೆನಪಾದಾಗ ನನ್ನ ಮುನಿಸು ನಿಲ್ಲುವುದಿಲ್ಲ.